ಮೂರು ಹೆಸರಿನ ಕಡ್ಡಿ

ಆಫ್ರಿಕದ ಜೌಗು ನೆಲದಲ್ಲಿ ಹುಟ್ಟಿದ, ದಾಸವಾಳದ ಬಳಗಕ್ಕೆ ಸೇರಿದ ಗಿಡವೊಂದರ ಕಡ್ಡಿ ಒಣಗಿ, ಸಸ್ಯಸಂಗ್ರಹಾಲಯದ ಬೀರುವಿನಲ್ಲಿ ಕಾಗದಕ್ಕೆ ಅಂಟಿಕೊಂಡು ಮಲಗಿತ್ತು. ಅದರ ಮೈಮೇಲೆ ಎರಡು ಹೂ, ಒಂದು ಕಾಯಿ ಇದ್ದವು. ಹೆಸರು ಮಾತ್ರ ಇರಲಿಲ್ಲ. ಆ ಕೊರಗು ಅದನ್ನು ತಿನ್ನುತ್ತಿತ್ತು.

ಮೊದಲ ಪಂಡಿತರು ಬಂದು ಒಂದು ಹೂವನ್ನು ಕಿತ್ತು ಬಿಡಿಸಿ ನೋಡಿ, ‘ದಾಸವಾಳವೇ ಸರಿ’ ಎಂದು ಚೀಟಿ ಅಂಟಿಸಿದರು. ಎರಡನೆಯವರು ಕಾಯಿ ಒಡೆದು, ‘ಛೆ, ಇದು ಬೆಂಡೆಯ ಕುಲ’ ಎಂದು ಇನ್ನೊಂದು ಅಂಟಿಸಿದರು. ಮೂರನೆಯವರು ಉಳಿದ ಹೂವನ್ನೂ ಸೀಳಿ, ‘ಇದು ಹೊಸದೇ ಕುಲ’ ಎಂದು ಸಾರಿ, ಅದಕ್ಕೆ ತಮ್ಮ ಗುರುಗಳ ಹೆಸರಿಟ್ಟು ಕೃತಾರ್ಥರಾದರು.

ಕಡ್ಡಿ ಹಿಗ್ಗಿಹೋಯಿತು. ಕಾಗದ ತಿನ್ನಲು ಬಂದ ಹುಳುವನ್ನು ಕರೆದು, “ನೋಡಿದೆಯಾ, ಮೂರು ಹೆಸರು! ನಮ್ಮೂರಿನಲ್ಲಿ ಯಾರಿಗಿತ್ತು ಈ ಭಾಗ್ಯ?” ಎಂದಿತು.

“ಭಾಗ್ಯವೇ, ಅಕ್ಕಾ. ಆದರೆ ನಾಲ್ಕನೆಯವರು ಬಂದರೆ ಅವರಿಗೇನು ತೋರಿಸುತ್ತೀರಿ?”

“ಚೀಟಿಗಳಿಲ್ಲವೇ? ಓದು ಬಲ್ಲವರಿಗೆ ಅಷ್ಟು ಸಾಲದೇ?”

ನಾಲ್ಕನೆಯವರು ಬಂದೇ ಬಂದರು. ಭೂತಗನ್ನಡಿ ಹಿಡಿದು ಹೂ ಹುಡುಕಿದರು, ಕಾಯಿ ಹುಡುಕಿದರು. ಇಂಥದ್ದಕ್ಕೆ ಹಿಂದಿನವರು ಹೆಸರಿಟ್ಟದ್ದಾದರೂ ಹೇಗೆಂದು ನಕ್ಕು, ಮೂರನ್ನೂ ಹೊಡೆದುಹಾಕಿ ಹೊಸ ಚೀಟಿ ಅಂಟಿಸಿದರು: ‘ಹೂವಿಲ್ಲ, ಕಾಯಿಯಿಲ್ಲ. ಯಾವ ಗಿಡವೆಂದು ಹೇಳಲಾಗದು.’

ಬೀರುವಿನ ಬಾಗಿಲು ಮುಚ್ಚಿತು.

“ಅಕ್ಕಾ, ಏನು ಬರೆದಿದ್ದಾರೆಂದು ಓದಿ ಹೇಳಲೇ?” ಎಂದಿತು ಹುಳು.

“ಓದಬೇಡ,” ಎಂದಿತು ಕಡ್ಡಿ. “ತಿಂದುಬಿಡು.”