ಗೀರು ನಿಲ್ಲದ ನಾಣ್ಯ

"ಗುರುಗಳೇ, ಕಣ್ಣಾರೆ ಕಂಡ ಸತ್ಯವನ್ನೂ ಮನುಷ್ಯ ಯಾಕೆ ಹೇಳುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಹಿಂದೆ ಒಂದು ರೇವುಪಟ್ಟಣದಲ್ಲಿ ಒಬ್ಬ ಚಿನಿವಾರನಿದ್ದ. ಹಡಗಿನಲ್ಲಿ ಬರುವ ರೋಮಿನ ಬೆಳ್ಳಿ ನಾಣ್ಯಗಳನ್ನು ಪರೀಕ್ಷಿಸುವುದು ಅವನ ಕಸುಬು. ನಾಣ್ಯದ ಒಂದು ಬದಿಗೆ ಚಕ್ರವರ್ತಿಯ ಮುಖ, ಇನ್ನೊಂದು ಬದಿಗೆ ರೆಕ್ಕೆಯುಳ್ಳ ದೇವತೆ. ಕೆಲವು ನಾಣ್ಯಗಳಲ್ಲಿ ಬೆಳ್ಳಿ ಮೇಲಿನ ಸಿಪ್ಪೆಯಷ್ಟೇ, ಒಳಗೆಲ್ಲ ತಾಮ್ರ. ಆದ್ದರಿಂದ ಅವನು ಚಕ್ರವರ್ತಿಯ ಕೆನ್ನೆಗೆ ಉಳಿಯಿಂದ ಒಂದು ಗೀರು ಹೊಡೆದು ಒಳಗೆ ನೋಡುತ್ತಿದ್ದ. ದೇವತೆಯ ಬದಿಯನ್ನು ಮುಟ್ಟುತ್ತಿರಲಿಲ್ಲ. ದೂರದ ಚಕ್ರವರ್ತಿಯ ಕೋಪ ಇಲ್ಲಿಯವರೆಗೆ ಬಾರದು, ದೇವತೆಯದು ಹೇಳಲಾಗದು. ಗೀರು ಬಿದ್ದ ನಾಣ್ಯವನ್ನು ಪೇಟೆ ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿತ್ತು. ಖೋಟಾ ನಾಣ್ಯ ತಂದವನ ಬಲಗೈ ಕಡಿಯುತ್ತಿದ್ದರು.

ಒಂದು ದಿನ ಒಬ್ಬ ನಾವಿಕ ಒಂದೇ ಒಂದು ನಾಣ್ಯ ತಂದ. ಚಿನಿವಾರ ಗೀರಿದ. ಒಳಗೂ ಅಪ್ಪಟ ಬೆಳ್ಳಿ. ಹಿಂದಿರುಗಿಸಲು ಕೈ ಚಾಚುವಷ್ಟರಲ್ಲಿ ಗೀರು ಕೂಡಿಕೊಂಡಿತು. ಕೆನ್ನೆ ಮೊದಲಿನಂತೆ ನುಣುಪಾಯಿತು. ಇನ್ನೂ ಆಳವಾಗಿ ಹೊಡೆದ. ಮತ್ತೆ ಬೆಳ್ಳಿ ಕಂಡಿತು, ಮತ್ತೆ ಕೂಡಿಕೊಂಡಿತು. ಮೂರನೆಯ ಸಲ ಉಳಿ ಎತ್ತಿದಾಗ, ಏಟು ಬೀಳುವ ಮೊದಲೇ, ನಾಣ್ಯದ ಮೇಲಿನ ಚಕ್ರವರ್ತಿ ಕಣ್ಣು ಮುಚ್ಚಿಕೊಂಡ. ಆದರೂ ಏಟು ಬಿತ್ತು.

ಅಷ್ಟರಲ್ಲಿ ವರ್ತಕರು ಸುತ್ತ ನೆರೆದರು. ಅವರು ಬಗ್ಗಿ ನೋಡುವ ಹೊತ್ತಿಗೆ ಆ ಗೀರೂ ಇರಲಿಲ್ಲ.

"ಏನಣ್ಣ, ಇವತ್ತು ಉಳಿಗೆ ಊಟ ಹಾಕಿಲ್ಲವೇ?" ಎಂದು ಒಬ್ಬ ನಕ್ಕ.

"ಒಳಗೆ ಬೆಳ್ಳಿ ಕಂಡಿರಲ್ಲ ಸ್ವಾಮಿ, ಹೇಳಿಬಿಡಿ," ಎಂದ ನಾವಿಕ.

ಚಿನಿವಾರ ಬಾಯಿ ತೆರೆದ. ಮೂವತ್ತು ವರ್ಷ ಪೇಟೆ ಅವನ ಗೀರನ್ನು ನಂಬಿತ್ತು. ಅವನ ಮಾತನ್ನು ಯಾರೂ ಕೇಳಿರಲಿಲ್ಲ. ಗಾಯ ಮಾಯುವ ನಾಣ್ಯ ಎಂದರೆ ಹುಚ್ಚನೆಂದಾರು. ಹುಚ್ಚನ ಬಳಿ ನಾಳೆ ಯಾರು ನಾಣ್ಯ ತಂದಾರು?

"ಗುರುತು ನಿಲ್ಲದ್ದು ಖೋಟಾ," ಎಂದ.

ಸಂಜೆಯೊಳಗೆ ನಾವಿಕನ ಕೈ ಕಡಿದರು. ಜನ ಚದುರಿದರು. ಚಿನಿವಾರ ಹೋಗಲಿಲ್ಲ. ಆ ಗಾಯವೂ ಕೂಡಿಕೊಳ್ಳುತ್ತದೇನೋ ಎಂದು ಕಾದು ನಿಂತ.

ಗುರು ಅಲ್ಲಿಗೆ ನಿಲ್ಲಿಸಿದರು.

"ಕೂಡಿಕೊಂಡಿತೇ, ಗುರುಗಳೇ?" ಎಂದ ಶಿಷ್ಯ.

"ಇಲ್ಲ, ಗುರುತು ನಿಂತಿತು. ಹಾಗಾಗಿ ನಾವಿಕ ಅಪ್ಪಟ ಮನುಷ್ಯನೆಂದು ಚಿನಿವಾರ ಒಪ್ಪಿಕೊಂಡ."