ತುಟಿ ಬಿಚ್ಚದ ಪಲ್ಲಕ್ಕಿ

ಹುಲಿಕೋಟೆಯ ದೊರೆ ದೇವಪ್ಪರಸನಿಗೆ ಪಲ್ಲಕ್ಕಿ ಏರಿದರೆ ನಿದ್ದೆಯ ಆಸೆ, ಇಳಿದರೆ ಸಿಟ್ಟು. ಸಿಟ್ಟು ಯಾಕೆ ಅಂದರೆ, ಪಲ್ಲಕ್ಕಿ ಹೊರುವ ಬೋಯಿಗಳು ದಾರಿಯುದ್ದಕ್ಕೂ ಕೂಗುತ್ತಿದ್ದರು. ಮುಂದಿನವನು "ಎಡಕ್ಕೆ ಕಲ್ಲು" ಅನ್ನೋದು, ಹಿಂದಿನವರು "ಹೂಂ" ಅನ್ನೋದು. "ಮುಂದೆ ಕೆಸರು." "ಹೂಂ." ಹೀಗಾದರೆ ಪಾಪ, ದೊರೆಯಾದವನು ಕಣ್ಣು ಮುಚ್ಚುವುದು ಯಾವಾಗ?

ಹೊಸ ಪಾರುಪತ್ಯಗಾರ ಅಣ್ಣಾಜಯ್ಯ ಸಭೆಯಲ್ಲಿ ಎದೆ ತಟ್ಟಿಕೊಂಡ. "ಮಹಾಸ್ವಾಮಿ, ಆಳುಗಳಿಂದ ಕೆಲಸ ತೆಗೆಯೋದು ಹೇಗಂತ ನನಗೆ ಗೊತ್ತು. ನಾಳೆಯಿಂದ ತುಟಿ ಬಿಚ್ಚದೆ ಹೊರಬೇಕು ಅಂತ ಕಟ್ಟಪ್ಪಣೆ ಮಾಡುತ್ತೇನೆ. ಇಂಥ ಪಲ್ಲಕ್ಕಿ ಐವತ್ತಾರು ದೇಶದಲ್ಲೂ ಇರೋದಿಲ್ಲ."

ದೊರೆ ಖುಷಿಯಿಂದ ಒಪ್ಪಿದ. ಮಾರನೆಯ ದಿನ ಪಲ್ಲಕ್ಕಿ ಮೌನವಾಗಿ ಹೊರಟಿತು. ಕೆರೆ ಏರಿಯ ತನಕ ಮೌನವಾಗಿಯೇ ಹೋಯಿತು. ಅಲ್ಲಿ ಹಿಂದಿನವನೊಬ್ಬನ ಕಾಲು ಗುಂಡಿಗೆ ಬಿದ್ದು, ಪಲ್ಲಕ್ಕಿ ಮೌನವಾಗಿಯೇ ಮಗುಚಿತು. ದೊರೆ ಮಾತ್ರ ಮೌನವಾಗಿ ಬೀಳಲಿಲ್ಲ.

ಮೈತುಂಬ ಕೆಸರು ಮಾಡಿಕೊಂಡು ಬಂದವನೇ, "ನಾಲ್ಕೂ ಬೋಯಿಗಳು ನಾಳೆ ಮಧ್ಯಾಹ್ನದೊಳಗೆ ಹೆಂಡಿರು ಮಕ್ಕಳ ಸಮೇತ ಕೋಟೆ ಬಿಡಬೇಕು" ಅಂದುಬಿಟ್ಟ. "ಎಚ್ಚರವೇ ಇಲ್ಲದ ಜನ ಮಹಾಸ್ವಾಮಿ" ಎಂದು ಅಣ್ಣಾಜಯ್ಯ ಒಗ್ಗರಣೆ ಹಾಕಿದ.

ಬೋಯಿಗಳ ಹಿರಿಯ ಓಬಯ್ಯ ಅಳುತ್ತಾ ಓಡಿದ್ದು ಆಸ್ಥಾನದ ಸೂರಪ್ಪಯ್ಯನ ಮನೆಗೆ. ದೊರೆಯನ್ನು ನಗಿಸುತ್ತಲೇ ದಾರಿಗೆ ತರುವವನು ಅವನೊಬ್ಬನೇ.

"ಬುದ್ದೀ, ಹಿಂದೆ ಹೊರೋರಿಗೆ ಪಲ್ಲಕ್ಕಿನೇ ಅಡ್ಡ, ನೆಲ ಕಾಣಾಕಿಲ್ಲ. ಮುಂದಿರೋ ನಾನು ಹೇಳಿದ್ರೇನೇ ಅವರಿಗೆ ಕಣ್ಣು. ಆ ಗುಂಡಿ ನನಗೆ ಕಂಡಿತ್ತು, ಹೇಳಂಗಿರಲಿಲ್ಲ. ನಮ್ಮಪ್ಪನ ಕಾಲದಿಂದ ಹೊತ್ತಿದ್ದೀವಿ. ಈಗ ಮಕ್ಕಳನ್ನ ಕಟ್ಟಿಕೊಂಡು ಎಲ್ಲಿಗೆ ಹೋಗೋದು?"

"ಅಳಬೇಡ ಓಬಯ್ಯ. ಬೆಳಿಗ್ಗೆಗೆ ಪಲ್ಲಕ್ಕಿ ತೊಳೆದಿಡು."

ಬೆಳಿಗ್ಗೆ ಸೂರಪ್ಪಯ್ಯ ದೊರೆಗೆ ಕೈಮುಗಿದ. "ಮಹಾಸ್ವಾಮಿ, ಕಳಿಸುವ ಮೊದಲು ಇವರಿಗೆ ಸರಿಯಾಗಿ ಹೊರೋದು ಹೇಗಂತ ತೋರಿಸಿಬಿಡೋಣ. ಮುಂದೆ ನಾನು ಹೆಗಲು ಕೊಡುತ್ತೇನೆ, ಹಿಂದೆ ಅಣ್ಣಾಜಯ್ಯನವರು. ಇಬ್ಬರ ಜೊತೆಗೂ ಒಬ್ಬೊಬ್ಬ ಬೋಯಿ ಇರಲಿ. ಒಳಗೆ ತಮ್ಮ ಬದಲು ಒಂದು ಕೊಡ ಮಜ್ಜಿಗೆ. ಅಪ್ಪಣೆ ಅದೇ, ಯಾರೂ ತುಟಿ ಬಿಚ್ಚಬಾರದು. ಮಜ್ಜಿಗೆ ಚೆಲ್ಲದಿದ್ದರೆ ಇವರು ಕೋಟೆ ಬಿಡಲಿ."

"ಚೆಲ್ಲಿದರೆ?"

"ಆಮೇಲೆ ಮಾತಾಡೋಣ."

ದೊರೆಯ ಎದುರು ಆಗೋದಿಲ್ಲ ಅನ್ನಲಾದೀತೇ? "ಅದೇನು ಮಹಾ" ಎಂದು ಅಣ್ಣಾಜಯ್ಯ ಶಲ್ಯವನ್ನು ಸೊಂಟಕ್ಕೆ ಬಿಗಿದ. ದೊರೆ ಕುದುರೆಯೇರಿ ಪಕ್ಕದಲ್ಲೇ ಹೊರಟ.

ಏರಿಯ ಮೇಲೆ ಮೊದಲು ಸಿಕ್ಕಿದ್ದು ಹಸಿ ಸಗಣಿ. ಸೂರಪ್ಪಯ್ಯ ಸುಮ್ಮನೆ ದಾಟಿದ. ಅಣ್ಣಾಜಯ್ಯನ ಪಾದ ಸರಿಯಾಗಿ ಅದರೊಳಗೇ ಇಳಿಯಿತು. ಹಲ್ಲು ಕಚ್ಚಿಕೊಂಡು ನಡೆದ. ಆಮೇಲೆ ಒಂದು ಕಲ್ಲು. ಸೂರಪ್ಪಯ್ಯ ಬದಿಗೆ ಸರಿದ, ಅಣ್ಣಾಜಯ್ಯನ ಹೆಬ್ಬೆರಳು ಸರಿಯಲಿಲ್ಲ. ಕೊಡ ತುಳುಕಿತು. ಮೂರನೆಯದೇ ಆ ಗುಂಡಿ.

ಗುಂಡಿಯಲ್ಲಿ ಕೂತಲ್ಲಿಂದಲೇ ಅಣ್ಣಾಜಯ್ಯ ಅರಚಿದ. ತಲೆಯಿಂದ ಮಜ್ಜಿಗೆ ಸುರಿಯುತ್ತಿತ್ತು. "ಗುಂಡಿ ಇದೆ ಅಂತ ಬಾಯಿಬಿಟ್ಟು ಹೇಳಬಾರದೇನ್ರೀ? ಹಿಂದಿರೋ ನನಗೇನು ಕಾಣುತ್ತೆ?"

ಸೂರಪ್ಪಯ್ಯ ತುಟಿ ಬಿಚ್ಚಲಿಲ್ಲ. ದೊರೆಯ ಕಡೆ ತಿರುಗಿ, ತನ್ನ ಬಾಯಿ ತೋರಿಸಿ, ಸನ್ನೆಯಲ್ಲೇ ಅಪ್ಪಣೆ ಕೇಳಿದ.

"ಮಾತಾಡಯ್ಯ" ಎಂದ ದೊರೆ.

"ಮಹಾಸ್ವಾಮಿ, ನಿನ್ನೆ ಓಬಯ್ಯ ಹೇಳಲಾಗದೆ ನುಂಗಿಕೊಂಡ ಮಾತನ್ನೇ ಈಗ ಪಾರುಪತ್ಯಗಾರರು ಹೇಳಿದರು. ಇನ್ನು ನಾನು ಸೇರಿಸೋದು ಏನೂ ಇಲ್ಲ."

ದೊರೆಗೆ ನಾಚಿಕೆಯೂ ಆಯಿತು, ನಗುವೂ ಬಂತು. "ಬೋಯಿಗಳು ಇಲ್ಲೇ ಇರಲಿ. ಅಣ್ಣಾಜಯ್ಯ, ಈ ದಾರಿಯ ಗುಂಡಿಗಳನ್ನೆಲ್ಲ ಮುಚ್ಚಿಸೋದು ನಿನ್ನ ಕೆಲಸ. ಅದು ಸರಿ ಸೂರಪ್ಪಯ್ಯ, ನನ್ನ ನಿದ್ದೆಯ ಗತಿ?"

"ಅದಕ್ಕೊಂದು ಹೊಸ ಉಪಾಯ ಇದೆ ಮಹಾಸ್ವಾಮಿ. ನಾಲ್ಕು ಬಾಯಿಗೆ ಬೀಗ ಹಾಕುವ ಬದಲು ಎರಡು ಕಿವಿಗೆ ಹತ್ತಿ ಇಟ್ಟುಕೊಂಡರಾಯಿತು."

ದೊರೆ ಗಹಗಹಿಸಿ ನಕ್ಕು ತಾನು ಹೊದ್ದಿದ್ದ ಶಾಲನ್ನು ಸೂರಪ್ಪಯ್ಯನಿಗೆ ಹೊದಿಸಿದ. ಸೂರಪ್ಪಯ್ಯ ಅದನ್ನು ನಾಲ್ಕು ಮಡಿಕೆ ಮಾಡಿ ಓಬಯ್ಯನ ಹೆಗಲಿಗೆ ಹಾಕಿದ.

ಮಾರನೆಯ ದಿನ ದೊರೆ ಹತ್ತಿ ಇಟ್ಟುಕೊಂಡೇ ಪಲ್ಲಕ್ಕಿ ಏರಿದ. ನಿದ್ದೆ ಸುಳಿಯಲೇ ಇಲ್ಲ. ಮುಂದೆ ಏನಿದೆಯೋ, ಓಬಯ್ಯ ಹೇಳಿದನೋ ಇಲ್ಲವೋ ಅಂತ ಒಂದೇ ಚಿಂತೆ. ಕೆರೆ ಏರಿ ಬರುವ ಮೊದಲೇ ಹತ್ತಿ ಕಿತ್ತೆಸೆದು ಹಾಯಾಗಿ ಒರಗಿದ.

"ಎಡಕ್ಕೆ ಕಲ್ಲು" ಎಂದ ಓಬಯ್ಯ.

"ಹೂಂ" ಎಂದರು ಹಿಂದಿನ ಇಬ್ಬರು.

"ಹೂಂ" ಎಂದಿತು ಪಲ್ಲಕ್ಕಿಯೊಳಗಿನ ಅರೆನಿದ್ದೆಯ ದನಿ.