ನಾಲ್ಕು ಕಾಲು, ಮೂವರು ಮಕ್ಕಳು

ತುಂಗಭದ್ರೆಯ ದಡದ ಆಶ್ರಮದಲ್ಲಿ ವಿರೂಪಣ್ಣ ಎಂಬ ಶಿಷ್ಯನಿದ್ದ. ಗುರು ಕೂಡಲಯ್ಯನ ಬಳಿ ಆರು ವರ್ಷ ಕಲಿತವನು. ಮಾತಿನ ಬೇರು ಅಗೆದು ತೆಗೆಯುವುದರಲ್ಲಿ ಅವನನ್ನು ಮೀರಿಸುವವರು ಅಲ್ಲಿ ಯಾರೂ ಇರಲಿಲ್ಲ.

ಆ ಬೇಸಿಗೆಯಲ್ಲಿ ಅವನ ಮನಸ್ಸು ಬಡಗಣ ಆಕಾಶದ ಏಳು ನಕ್ಷತ್ರಗಳ ಮೇಲೆ ಬಿತ್ತು. ಹೊಳೆ ದಾಟಲು ಬಂದವರನ್ನೆಲ್ಲ ನಿಲ್ಲಿಸಿ, ನಿಮ್ಮ ಕಡೆ ಅವಕ್ಕೆ ಏನನ್ನುತ್ತಾರೆ ಎಂದು ಕೇಳುವನು. ಹೇಳಿದ್ದನ್ನು ಕಡತದಲ್ಲಿ ಬರೆದುಕೊಳ್ಳುವನು.

ಸಪ್ತರ್ಷಿಗಳು ಎಂದರು ಹೆಚ್ಚಿನವರು. ಹಳೆಯ ಮಾತಿನಲ್ಲಿ ಅವು ಋಕ್ಷಗಳು, ಋಕ್ಷವೆಂದರೆ ನಕ್ಷತ್ರವೂ ಹೌದು, ಕರಡಿಯೂ ಹೌದು ಎಂದರು ಒಬ್ಬ ಶಾಸ್ತ್ರಿಗಳು. ಪಡುವಣ ಸಮುದ್ರದಾಚೆಯಿಂದ ಬಂದ ಕುದುರೆ ವ್ಯಾಪಾರಿಯೊಬ್ಬ, ಅದು ಹೆಣ ಹೊರುವ ಚಟ್ಟ, ಹಿಂದಿರುವ ಮೂರು ಸತ್ತವನ ಹೆಣ್ಣುಮಕ್ಕಳು ಎಂದ.

ಒಂದು ಸಂಜೆ ವಿರೂಪಣ್ಣ ಹರಿಗೋಲಿನ ದುರುಗಪ್ಪನ ಗುಡಿಸಲಿಗೆ ಹೋದ. ದುರುಗಪ್ಪನ ಹೆಂಡತಿ ಹುಲಿಗೆವ್ವ ಕಾಯಿಲೆ ಬಿದ್ದು ವರ್ಷವಾಗಿತ್ತು. ಸೆಕೆಗೆಂದು ಗಂಡ ದಿನವೂ ಹೊತ್ತು ಮುಳುಗಿದ ಮೇಲೆ ಅವಳ ಮಂಚವನ್ನು ಅಂಗಳಕ್ಕೆ ತಂದು ಹಾಕುತ್ತಿದ್ದ. ವಿರೂಪಣ್ಣ ಅವಳನ್ನೂ ಕೇಳಿದ.

"ಅದು ಮಂಚ ಅಲ್ಲೇನ್ರಿ? ನಾಲ್ಕು ಕಾಲು ಕಾಣ್ತಾವಲ್ಲ," ಎಂದಳು ಅವಳು. "ಹಿಂದೆ ನಿಂತಿರೋವು ನನ್ನ ಮೂರು ಮಕ್ಳು. ಅವ್ವ ಬರ್ಲಿ ಅಂತ ಮಂಚ ಹಿಡ್ಕಂಡು ಕಾಯ್ತಾವೆ."

ಆ ಮೂವರು ಒಂದೇ ವಾರದಲ್ಲಿ ಬೇನೆ ಬಂದು ತೀರಿಹೋಗಿದ್ದರು. ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ವಿರೂಪಣ್ಣ ಕೂತು, ನಿಧಾನವಾಗಿ, ಪ್ರೀತಿಯಿಂದಲೇ ತಿದ್ದಿದ. ಒಂದೊಂದೇ ನಕ್ಷತ್ರ ತೋರಿಸಿ ಋಷಿಗಳ ಹೆಸರು ಹೇಳಿದ. ವಸಿಷ್ಠರ ಪಕ್ಕದ ಅರುಂಧತಿಯನ್ನೂ ತೋರಿಸಿದ. ಮಂಚವೆನ್ನುವುದು ತಿಳಿಯದವರ ಮಾತು ಎಂದ.

ಹುಲಿಗೆವ್ವ ಬಹಳ ಹೊತ್ತು ಮೇಲೆಯೇ ನೋಡಿದಳು.

"ಹಂಗಾದ್ರೆ ನನ್ನ ಮಕ್ಳು ಎಲ್ಲದಾವ್ರಿ?"

"ಅದು ನನಗೆ ಗೊತ್ತಿಲ್ಲ ತಾಯಿ. ಅಲ್ಲಂತೂ ಇಲ್ಲ."

ಎಂಟು ದಿನ ಕಳೆದ ಮೇಲೆ ದುರುಗಪ್ಪ ಆಶ್ರಮಕ್ಕೆ ಬಂದ. ಯಾರನ್ನೂ ದೂರಲಿಲ್ಲ. ಹೆಂಡತಿ ಮಂಚವನ್ನು ಹೊರಗೆ ಹಾಕಗೊಡುತ್ತಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಮೂರು ದಿನದಿಂದ ಗಂಜಿಯೂ ಇಳಿದಿಲ್ಲ ಎಂದ. ಅಯ್ಯನವರು ಒಮ್ಮೆ ವಿಭೂತಿ ಕೊಟ್ಟರೆ ಸಾಕು ಎಂದು ಕೈಮುಗಿದ.

ಅವನು ಹೋದ ಮೇಲೆ ಕೂಡಲಯ್ಯ ಶಿಷ್ಯನ ಕಡೆ ನೋಡಿದ. ವಿರೂಪಣ್ಣ ನಡೆದದ್ದನ್ನು ಮುಚ್ಚಿಡದೆ ಹೇಳಿದ.

"ನಾನು ಸುಳ್ಳು ಹೇಳಲಿಲ್ಲ," ಎಂದ.

"ಋಷಿಗಳಿಗಿಂತ ಮೊದಲು ಅಲ್ಲಿ ಏನಿತ್ತು?"

"ಕರಡಿ."

"ಕರಡಿಗಿಂತ ಮೊದಲು?"

ವಿರೂಪಣ್ಣ ಯೋಚಿಸಿದ. "ಹೆಸರಿರಲಿಲ್ಲ. ಬರೀ ಬೆಳಕು."

"ಹೋಗಿ ಅವಳಿಗೆ ಇದನ್ನೂ ಹೇಳಿ ಬಾ."

ವಿರೂಪಣ್ಣ ಹೋದ. ಗುಡಿಸಲೊಳಗೆ ಕಂಬಳಿಯ ವಾಸನೆ ಕಟ್ಟಿಕೊಂಡಿತ್ತು. ಅವಳ ಬೆನ್ನಿನ ಹಿಂದೆ ಕೂತು ಹೇಳಿದ: ಋಷಿಗಳೆಂಬುದೂ ಯಾರೋ ಇಟ್ಟ ಹೆಸರೇ, ನೀನು ಇಟ್ಟದ್ದೂ ಒಂದು ಹೆಸರು, ನಿನ್ನದು ತಪ್ಪು ಎನ್ನಲು ನಾನು ಯಾರು? ಇವತ್ತು ಮೋಡವಿಲ್ಲ, ಮಂಚ ಹೊರಗೆ ಹಾಕುತ್ತೇವೆ ಎಂದು ಬೇಡಿಕೊಂಡ.

ಅವಳು ತಿರುಗಲಿಲ್ಲ.

"ಅವತ್ತು ಓದಿದ್ದು ಹೇಳಿದ್ರಿ," ಎಂದಳು. "ಇವತ್ತು ಕನಿಕರಕ್ಕೆ ಹೇಳ್ತೀರಿ. ನನಗೆ ತಿಳಿಯಂಗಿಲ್ಲೇನು?"

ಮರುದಿನ ಬೆಳಿಗ್ಗೆ ಹುಲಿಗೆವ್ವ ತೀರಿಕೊಂಡಳು.

ಸಂಜೆಯ ಹೊತ್ತಿಗೆ ಹೊಳೆಯ ಮೇಲ್ದಂಡೆಯಲ್ಲಿ ಮಣ್ಣು ಮಾಡಿದರು. ಚಟ್ಟಕ್ಕೆ ಹೆಗಲು ಕೊಟ್ಟವರು ನಾಲ್ವರು. ವಿರೂಪಣ್ಣ ಎಡಗಡೆಯ ಹಿಂಬದಿಗೆ ನಿಂತಿದ್ದ. ಹೊರೆಯೇ ಇರಲಿಲ್ಲ, ಅಷ್ಟು ಇಳಿದುಹೋಗಿದ್ದಳು. ದುರುಗಪ್ಪ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಹಿಂದೆ ನಡೆಯಬೇಕಾದವರು ಯಾರೂ ಉಳಿದಿರಲಿಲ್ಲ.

ಮಿಂದು ಬಂದ ವಿರೂಪಣ್ಣ ಒದ್ದೆ ಬಟ್ಟೆಯಲ್ಲೇ ಕಡತ ತೆಗೆದುಕೊಂಡು ಹೊಳೆಯ ಕಡೆ ಹೊರಟ. ಕೂಡಲಯ್ಯ ಬಾಗಿಲಲ್ಲಿ ಕೈ ಅಡ್ಡ ಹಿಡಿದ.

"ಎಲ್ಲಿಗೆ?"

"ಇದನ್ನು ನೀರಿಗೆ ಹಾಕುತ್ತೇನೆ. ಇದರಿಂದ ಒಂದು ಜೀವ ಹೋಯಿತು."

"ಕಾಯಿಲೆಯಿಂದ ಹೋಯಿತು. ನೀನು ಕಸಿದದ್ದು ಬೇರೆ. ಕೂತುಕೋ, ಬರೆ."

ವಿರೂಪಣ್ಣ ಕೂತ. ಗುರುವೇ ದೀಪ ತಂದು ಪಕ್ಕದಲ್ಲಿಟ್ಟ.

"ಋಷಿಗಳೆಂದು ಬರೆದ ಕಡೆ ಏಳು ಜನರ ಹೆಸರೂ ಇದೆಯೇ?"

"ಇದೆ."

"ಅದರ ಕೆಳಗೆ ಮಂಚ ಎಂದು ಬರೆ."

ಬರೆದ.

"ಈಗ ಆ ಮೂವರು ಮಕ್ಕಳ ಹೆಸರು ಬರೆ."

ಲೇಖನಿ ಅಲ್ಲೇ ನಿಂತಿತು. ಹೊರಗೆ ಹೊಳೆಯ ಸದ್ದು ಕೇಳುತ್ತಿತ್ತು.

"ಗೊತ್ತಿಲ್ಲ," ಎಂದ.

"ಊರೂರಿನವರನ್ನು ನಿಲ್ಲಿಸಿ ಹೆಸರು ಕೇಳಿದೆಯಲ್ಲ," ಎಂದ ಕೂಡಲಯ್ಯ. "ಅವಳ ಮಕ್ಕಳ ಹೆಸರು ಕೇಳಲಿಲ್ಲವೇ?"